ಬೆರಳು ತೋರಿದವನ ಪಾಡು

ವಿಡಿಯೋ ಆಟವೆಂದರೆ ಹುಡುಗರ ಕಾಲಹರಣವೆಂದೇ ನಾನು ಬಗೆದಿದ್ದೆ. 2022ರಲ್ಲಿ ಹೊರಬಂದ ‘ಪೆಂಟಿಮೆಂಟ್’ ಆ ಎಣಿಕೆಯನ್ನು ಕದಲಿಸಿತು. ಕಥೆ ತೊಡಗುವುದು 1518ರ ಬವೇರಿಯಾದಲ್ಲಿ, ಟಾಸಿಂಗ್ ಎಂಬ ಕಲ್ಪಿತ ಊರಿನಲ್ಲಿ. ಅಲ್ಲಿಯ ಕ್ರೈಸ್ತ ಮಠದಲ್ಲಿ ಶ್ರೀಮಂತನೊಬ್ಬನ ಕೊಲೆಯಾಗಿದೆ. ಆರೋಪ ವೃದ್ಧ ಸನ್ಯಾಸಿ ಪಿಯೆರೊನ ಮೇಲೆ. ಅವನನ್ನು ಬಿಡಿಸಹೊರಟ ಚಿತ್ರಕಾರ ಆಂಡ್ರಿಯಾಸನ ಪಾತ್ರ ಆಡುವವನದು.

ಮಾತೆಲ್ಲ ಬರಹವಾಗಿಯೇ ಮೂಡುತ್ತದೆ: ಸನ್ಯಾಸಿಗೆ ಗಾಥಿಕ್ ಲಿಪಿ, ರೈತನಿಗೆ ಒರಟು ಕೈಬರಹ, ಮುದ್ರಕನಿಗೆ ಅಚ್ಚಿನ ಮೊಳೆ. ಒಬ್ಬನನ್ನು ಅರಿತಂತೆ ಅವನ ಅಕ್ಷರವೂ ಬದಲಾಗುವುದುಂಟು! ಕನ್ನಡ ಮೇಷ್ಟರಿಗೆ ಇನ್ನೇನು ಬೇಕು?

ಆದರೆ ಒಬ್ಬರನ್ನು ವಿಚಾರಿಸಿದರೆ ಇನ್ನೊಬ್ಬರಿಗೆ ಹೊತ್ತು ಉಳಿಯದು. ಅರೆಸಾಕ್ಷ್ಯವನ್ನು ನಂಬಿ ಒಟ್ಟಿಲಿಯಾ ಎಂಬ ಮುದಿ ವಿಧವೆಯತ್ತ ಬೆರಳು ತೋರಿದೆ. ಮರಣದಂಡನೆಯಾಯಿತು. ಅಪರಾಧಿ ಅವಳೇ ಹೌದೆಂದು ಆಟ ಕೊನೆಗೂ ಹೇಳಲಿಲ್ಲ. ಏಳು ವರ್ಷಗಳ ತರುವಾಯ ಆಂಡ್ರಿಯಾಸ್ ಅದೇ ಊರಿಗೆ ಮರಳುತ್ತಾನೆ. ಊರವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.