ಕವಡೆಯ ಗರ ಮತ್ತು ಮೊಬೈಲಿನ ಗರ: ಚೌಕಾಬಾರವನ್ನು ಕುರಿತ ಒಂದು ಗಣಿತವಿಚಾರ

1948ರಲ್ಲಿ ಮೊದಲ್ಗೊಂಡ ಜಯನಗರದ ಹಳೆಯ ಮನೆಗಳಲ್ಲಿ ಕಾವಿಬಣ್ಣದ ನುಣುಪಾದ ನೆಲವನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಅಂತಹ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದರಂತೆ ಇಪ್ಪತ್ತೈದು ಮನೆಗಳನ್ನು ಬರೆದು, ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರೂ, ಬೇಸಗೆಯ ರಜದಲ್ಲಿ ಮಕ್ಕಳೂ ಚೌಕಾಬಾರವಾಡುತ್ತಿದ್ದರು. ಕಟ್ಟೆಮನೆಯೆಂಬುದು ಇದರ ಇನ್ನೊಂದು ಹೆಸರು. ಈಗ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಅನೇಕ ಹಳೆಯ ಮನೆಗಳಿದ್ದೆಡೆಯಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಹೊಳೆಯುವ ಟೈಲ್ಸಿನ ಮೇಲೆ ಸೀಮೆಸುಣ್ಣ ಹಿಡಿಯದು; ಹಿಡಿದರೂ ಮನೆಯೊಡತಿ ಒಪ್ಪಳು. ಆಟವು ಮೊಬೈಲಿನ ಗಾಜಿನೊಳಕ್ಕೆ ಹೋಗಿದೆ. ಅಜ್ಜಿ ಬನಶಂಕರಿಯಲ್ಲಿಯೂ ಮೊಮ್ಮಗಳು ಅಮೆರಿಕದಲ್ಲಿಯೂ ಇದ್ದುಕೊಂಡು ಒಂದೇ ಹಾಸಿನ ಮೇಲೆ ಕಾಯಿ ನಡೆಸುವುದು ಈಗ ಸಾಧ್ಯವಾಗಿದೆ. ಇದು ಸಂತೋಷದ ಸಂಗತಿಯೇ. ಆದರೆ ಗಾಜಿನೊಳಗೆ ಹೋದ ಆಟ ಹಿಂದಿನ ಆಟವೇ ಅಹುದೋ, ಅದೇ ಹೆಸರಿನ ಬೇರೊಂದು ಆಟವೋ ಎಂಬುದು ವಿಚಾರಿಸತಕ್ಕ ವಿಷಯ. ಗರ ಬೀಳುವ ಬಗೆಯಲ್ಲಿ ಅದಕ್ಕೆ ಉತ್ತರವುಂಟೆಂದು ತೋರಿಸುವುದು ಈ ಲೇಖನದ ಉದ್ದೇಶ.

ಆಟವನ್ನರಿಯದ ವಾಚಕರಿಗಾಗಿ ಅದರ ನಡೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ನಾಲ್ವರು ಆಟಗಾರರು ನಾಲ್ಕು ಬದಿಗಳಲ್ಲಿ ಕುಳಿತುಕೊಳ್ಳುವರು. ಪ್ರತಿಯೊಬ್ಬರಿಗೂ ನಾಲ್ಕು ಕಾಯಿಗಳು. ಕಾಯಿಯು ಹೊರಸುತ್ತಿನ ಹದಿನಾರು ಮನೆಗಳಲ್ಲಿ ಒಂದು ದಿಕ್ಕಿಗೂ, ಒಳಸುತ್ತಿನ ಎಂಟು ಮನೆಗಳಲ್ಲಿ ಅದಕ್ಕೆ ವಿರುದ್ಧವಾದ ದಿಕ್ಕಿಗೂ ನಡೆದು, ನಡುಮನೆಯನ್ನು ಸೇರಿ ಹಣ್ಣಾಗುತ್ತದೆ. ಎಣಿಸಿ ನೋಡಿದರೆ ಒಂದು ಕಾಯಿಯು ಹಣ್ಣಾಗಲು 24 ಹೆಜ್ಜೆಗಳು, ನಾಲ್ಕಕ್ಕೂ ಸೇರಿ 96 ಹೆಜ್ಜೆಗಳು ಬೇಕು. ಎಷ್ಟು ಹೆಜ್ಜೆ ಎಂಬುದನ್ನು ನಾಲ್ಕು ಕವಡೆಗಳು ಹೇಳುತ್ತವೆ. ಒಂದು, ಎರಡು ಅಥವಾ ಮೂರು ಕವಡೆಗಳು ಅಂಗಾತ ಬಿದ್ದರೆ ಅಷ್ಟೇ ಹೆಜ್ಜೆ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಮತ್ತೊಮ್ಮೆ ಎಸೆಯುವ ಹಕ್ಕುಂಟು. ಕವಡೆ ದೊರೆಯದ ಮನೆಗಳಲ್ಲಿ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ಉಪಯೋಗಿಸುತ್ತಿದ್ದರು.

ಒಂದು ಕವಡೆ ಅಂಗಾತವೋ ಬೋರಲೋ ಬೀಳಲು ಸಮಾನ ಅವಕಾಶವಿದೆಯೆಂದು ಮೊದಲು ಭಾವಿಸೋಣ. ಆಗ ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಇವುಗಳಲ್ಲಿ ಒಂದು ಅಂಗಾತವಾಗುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ; ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಹೀಗಾಗಿ ಎರಡರ ಗರ ಪದೇ ಪದೇ ಬಂದು ಬೇಸರ ಹುಟ್ಟಿಸುವುದು. ಚೌಕಬಾರಗಳು ಎರಡೂ ಸೇರಿ ಎಂಟು ಎಸೆತಗಳಿಗೆ ಸರಾಸರಿ ಒಂದು ಸಲ ಮಾತ್ರ ಬರುವುವು. ಅವು ಬಿದ್ದಾಗ ಮನೆಯೆಲ್ಲ ಕೂಗೇಳುವುದಕ್ಕೆ ಈ ವಿರಳತೆಯೇ ಕಾರಣ. ಮರು ಎಸೆತಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ಒಂದು ಸರದಿಗೆ ಸರಾಸರಿ 2.86 ಹೆಜ್ಜೆಗಳಾಗುತ್ತವೆ. ಕಡಿತವನ್ನು ಎಣಿಸದೆ ಹೋದರೂ 96 ಹೆಜ್ಜೆಗೆ ಸುಮಾರು 34 ಸರದಿಗಳು ಬೇಕು.

ಈಗ ಮೊಬೈಲಿಗೆ ಆಟವನ್ನು ಅಳವಡಿಸುವ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ಲೂಡೋವನ್ನು ಅವನು ಬಲ್ಲ. ಲೂಡೋ ಎಂಬುದು ನಮ್ಮ ದೇಶದ ಪಚೀಸಿಯಿಂದಲೇ ಹುಟ್ಟಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಸನ್ನದು ಪಡೆದು, ಕವಡೆಯನ್ನು ಬಿಟ್ಟು ಆರು ಮುಖದ ದಾಳವನ್ನು ಹಿಡಿದ ಆಟ. 2016ರಲ್ಲಿ ಹೊರಬಂದ ಲೂಡೋ ಕಿಂಗ್ ಎಂಬ ಅದರ ಮೊಬೈಲು ರೂಪವು 2020ರ ಗೃಹಬಂಧನದ ತಿಂಗಳುಗಳಲ್ಲಿ ಮನೆಮನೆಯನ್ನು ಹೊಕ್ಕಿತು. ದಾಳದ ಆರು ಮುಖಗಳಿಗೂ ಸಮಾನ ಅವಕಾಶ. ಅದೇ ಅಭ್ಯಾಸದಿಂದ ತರುಣನು ಚೌಕಾಬಾರದ 1, 2, 3, 4, 8 ಎಂಬ ಐದು ಗರಗಳಿಗೂ ಸಮಾನ ಅವಕಾಶ ಕೊಟ್ಟನೆನ್ನಿ. ಈ ತಪ್ಪು ನೋಡುವುದಕ್ಕೆ ನಿರುಪದ್ರವಿಯಾಗಿದೆ, ಪರಿಣಾಮ ಹಾಗಿಲ್ಲ. ಚೌಕಬಾರಗಳು ಐದರಲ್ಲಿ ಎರಡು ಸಲ ಬೀಳತೊಡಗುತ್ತವೆ. ಒಂದು ಸರದಿಯ ಸರಾಸರಿ ನಡೆ 2.86ರಿಂದ 6ಕ್ಕೆ ಏರುತ್ತದೆ. 34 ಸರದಿಗಳ ಆಟ 16ರಲ್ಲಿ ಮುಗಿಯುತ್ತದೆ. ಎದುರಾಳಿಯು ಎರಡು ಮನೆ ಹಿಂದಿದ್ದಾಗ ಹೆದರಬೇಕು, ಎಂಟು ಮನೆ ಹಿಂದಿದ್ದಾಗ ಅಷ್ಟಾಗಿ ಹೆದರಬೇಕಾಗಿಲ್ಲ ಎಂಬ, ತಾಯಂದಿರಿಂದ ಬಂದ ವಿವೇಕವು ಅಲ್ಲಿ ಕೆಲಸಕ್ಕೆ ಬಾರದು. ಅಂತಹ ಆಟದಲ್ಲಿ ಸೋತ ಅಜ್ಜಿಯು “ಈ ಯಂತ್ರ ಮೋಸ ಮಾಡುತ್ತದೆ” ಎಂದರೆ, ಮೊಮ್ಮಕ್ಕಳು ನಗುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ನಾಲ್ಕು ಕವಡೆಗಳನ್ನು ಬೇರೆ ಬೇರೆಯಾಗಿಯೇ ಎಸೆಯುವಂತೆ ಕ್ರಮವಿಧಿಯನ್ನು ರಚಿಸಿದರೆ ಈ ದೋಷ ಪರಿಹಾರವಾಗುತ್ತದೆ. ಆದರೆ ಕೈಯಿಲ್ಲದ ಯಂತ್ರವು ಕವಡೆಯನ್ನು ಎಸೆಯುವುದೆಂತು? ಅದು ಎಸೆಯುವುದಿಲ್ಲ, ಲೆಕ್ಕ ಮಾಡುತ್ತದೆ. 1949ರಲ್ಲಿ ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ ಸೂಚಿಸಿದ ಮಾರ್ಗದ ಒಂದು ರೂಪವನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ಒಂದು ಸಂಖ್ಯೆಯನ್ನು ತೆಗೆದುಕೊಂಡು, 5ರಿಂದ ಗುಣಿಸಿ, 3ನ್ನು ಕೂಡಿಸಿ, 16ರಿಂದ ಭಾಗಿಸಿ, ಉಳಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳುವುದು. 7ರಿಂದ ಹೊರಟರೆ 6, 1, 8, 11, 10, 5, 12, 15, 14, 9, 0, 3, 2, 13, 4 ಎಂದು ಬಂದು, ಮತ್ತೆ 7. ಇನ್ನು 8, 4, 2, 1 ಎಂಬ ನಾಲ್ಕು ತೂಕದ ಕಲ್ಲುಗಳನ್ನೇ ನಾಲ್ಕು ಕವಡೆಗಳೆಂದು ಭಾವಿಸಿ. ಒಂದು ಸಂಖ್ಯೆಯನ್ನು ತೂಗಲು ಯಾವ ಕಲ್ಲುಗಳು ಬೇಕೋ ಆ ಕವಡೆಗಳು ಅಂಗಾತ, ಉಳಿದವು ಬೋರಲು. 7ಕ್ಕೆ 4, 2, 1 ಬೇಕು, ಗರ ಮೂರು. 15ಕ್ಕೆ ನಾಲ್ಕೂ ಬೇಕು; ಅದು ಚೌಕ. 0ಗೆ ಯಾವುದೂ ಬೇಡ, ಅದು ಬಾರ. ಹದಿನಾರು ಬಗೆಗಳೂ ಒಂದೊಂದು ಸಲ ಬಂದಿವೆ. ಲೆಕ್ಕವು ನ್ಯಾಯವಾಗಿಯೇ ಇದೆ.

ಆದರೂ ಇದು ಆಟಕ್ಕೆ ಸಲ್ಲದು. ಸಾಲನ್ನು ಮತ್ತೆ ನೋಡಿ: ಸಂಖ್ಯೆಗಳು ಒಂದು ಬೆಸ, ಒಂದು ಸಮ ಎಂದು ತಪ್ಪದೆ ಬರುತ್ತಿವೆ. ಅಂದರೆ 1ರ ಕಲ್ಲಿನ ಕವಡೆಯು ಒಂದು ಸಲ ಅಂಗಾತ, ಒಂದು ಸಲ ಬೋರಲು ಎಂದು ಕಟ್ಟುನಿಟ್ಟಾಗಿ ಹೊರಳುತ್ತಿದೆ. ಚೌಕವಾದ ಮೇಲಿನ ಮರು ಎಸೆತದಲ್ಲಿ ಯಾವಾಗಲೂ ಮೂರು, ಬಾರವಾದ ಮೇಲೆ ಯಾವಾಗಲೂ ಎರಡು. ಚುರುಕಾದ ಹುಡುಗಿಯೊಬ್ಬಳು ಒಂದು ಮಧ್ಯಾಹ್ನದೊಳಗೆ ಈ ಗುಟ್ಟನ್ನು ಹಿಡಿದಾಳು. ಆದುದರಿಂದ ನಿಜವಾದ ತಂತ್ರಾಂಶಗಳಲ್ಲಿ ಇದಕ್ಕಿಂತ ಬಹಳ ಉದ್ದವಾದ ಸಾಲುಗಳನ್ನು ಬಳಸುತ್ತಾರೆ. ಜಪಾನಿನ ಮತ್ಸುಮೊಟೊ ಮತ್ತು ನಿಶಿಮುರ ಎಂಬವರು 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಾಲು ಮರುಕಳಿಸುವ ಮುನ್ನ ಸಾಗುವ ಹೆಜ್ಜೆಗಳ ಸಂಖ್ಯೆಯನ್ನು ಬರೆಯಲು 6002 ಅಂಕಿಗಳು ಬೇಕು. ಯಂತ್ರದ ಗಡಿಯಾರ ಮೊದಲಾದವುಗಳಿಂದ ಆರಂಭದ ಸಂಖ್ಯೆಯನ್ನು ಆಯ್ದುಕೊಂಡರೆ, ಆಡುವವರಿಗೆ ಅದು ಅದೃಷ್ಟದಂತೆಯೇ ತೋರುತ್ತದೆ.

ಇಷ್ಟಾದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ; ಎರಡಕ್ಕೂ ಸಮಾನ ಅವಕಾಶವೆಂಬುದು ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಊಹೆ. ಅಂಗಾತ ಬೀಳುವ ಸಂಭವನೀಯತೆ ಐದರಲ್ಲಿ ಎರಡು ಎಂದಿಟ್ಟುಕೊಂಡರೆ, ಚೌಕವು ನೂರಕ್ಕೆ 6ರಿಂದ ಸುಮಾರು 2.6ಕ್ಕೆ ಇಳಿಯುತ್ತದೆ, ಬಾರವು 13ಕ್ಕೆ ಏರುತ್ತದೆ; ಆಟವು ಸುಮಾರು 31 ಸರದಿಗಳಿಗೆ ಬರುತ್ತದೆ. ಹುಣಸೆಬೀಜದ ಅಂಕಿ ಬೇರೆ. ಒಂದು ಮನೆಯ ಡಬ್ಬಿಯಲ್ಲಿರುವ ಕವಡೆಗಳ ಸ್ವಭಾವವೇ ಬೇರೆ, ಪಕ್ಕದ ಮನೆಯವುಗಳದೇ ಬೇರೆ. ಮೊಬೈಲಿನಲ್ಲಿ ಎಲ್ಲರಿಗೂ ಒಂದೇ ಕವಡೆ.

ಕಟ್ಟಳೆಗಳ ಗತಿಯೂ ಇದೇ ಆಗಿದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಹುದೆ? ಗಟ್ಟಿಯಾದ ಜೋಡಿಯನ್ನು ಒಂಟಿ ಕಾಯಿ ದಾಟಬಹುದೆ? ಸಾಲಾಗಿ ಮೂರನೆಯ ಚೌಕ ಬಿದ್ದರೆ ಹಿಂದಿನವೂ ರದ್ದೆ? ಇವಕ್ಕೆ ಒಂದೊಂದು ಮನೆಯದು ಒಂದೊಂದು ಉತ್ತರ. ಬೇರೆ ಊರಿನಿಂದ ಬಂದ ಸೊಸೆಯೊಡನೆ ಆಡುವಾಗ ಈ ಚರ್ಚೆಯೇ ಅರ್ಧ ಗಂಟೆ ನಡೆದು, ಎರಡು ಮನೆತನಗಳ ಕಟ್ಟಳೆಗಳು ಕೂಡಿ ಮೂರನೆಯದೊಂದು ಹುಟ್ಟುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಾಸುಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ನಮ್ಮ ಅಡಿಗೆಮನೆಯ ಹೆಂಗಸರು ಅದೇ ಕೆಲಸವನ್ನು ಬರೆದಿಡದೆ ಮಾಡಿದರು. ಈಗಿನ ಮಗುವಿಗೆ ಗಾಜಿನ ಮೇಲೆ ಕಂಡದ್ದೇ ಶಾಸ್ತ್ರ, ಅಜ್ಜಿಯದು ತಪ್ಪು. ನನಗೆ ಕೆಡುಕೆನಿಸುವುದು ಇದೊಂದೇ. ಆಟದ ಆರಂಭದಲ್ಲಿ ಈ ಪ್ರಶ್ನೆಗಳನ್ನೇ ಆಟಗಾರರ ಮುಂದಿಟ್ಟು, ಅವರ ಒಪ್ಪಿಗೆಯಂತೆ ನಡೆಯುವ ಕ್ರಮವಿಧಿಯನ್ನು ಬರೆಯುವುದು ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೂ ಕಷ್ಟವಾಗದು.

ಹಣವಿಟ್ಟು ಆಡುವ ಸಂದರ್ಭದಲ್ಲಿ ಗರದ ನ್ಯಾಯವು ಜೀವನಾಧಾರದ ಪ್ರಶ್ನೆಯಾಗುತ್ತದೆ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲದ ಆಟವೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ, ಅಂತರ್ಜಾಲದಲ್ಲಿ ಪಣವಿಟ್ಟಾಡುವುದನ್ನು ನಿಷೇಧಿಸಿತು. ನಮ್ಮ ಚೌಕಾಬಾರಕ್ಕೆ ಹುಣಸೆಬೀಜವೇ ಪಣ, ಆದುದರಿಂದ ಇದನ್ನು ಬೆಳೆಸುವುದಿಲ್ಲ.

ತಮ್ಮ ಮೊಬೈಲಿನ ಗರವನ್ನು ಪರೀಕ್ಷಿಸಬಯಸುವವರಿಗೆ ಒಂದು ಉಪಾಯವುಂಟು. 80 ಎಸೆತಗಳನ್ನು ಬರೆದಿಡಿ. ಚೌಕಬಾರಗಳು 10ರ ಆಸುಪಾಸಿನಲ್ಲಿದ್ದರೆ ಕವಡೆಯ ಲೆಕ್ಕ. 32ರ ಸಮೀಪವಿದ್ದರೆ ಆ ತರುಣನ ತಪ್ಪು. ಮನೆಯ ಕವಡೆಗಳ ಸ್ವಭಾವವನ್ನು ತಿಳಿಯಲು ಮಾತ್ರ ಚೌಕಬಾರಗಳ ಎಣಿಕೆ ಸಾಲದು. ಎರಡು ಊಹೆಗಳಲ್ಲಿಯೂ ಅವು 10, 12 ಎಂದು ಒಂದಕ್ಕೊಂದು ಹತ್ತಿರವೇ ಬರುವುವು. ಅದಕ್ಕೆ ಅಂಗಾತ ಬಿದ್ದ ಕವಡೆಗಳನ್ನೇ ಎಣಿಸಬೇಕು. 80 ಎಸೆತಗಳಲ್ಲಿ ಬೀಳುವ 320 ಕವಡೆಗಳ ಪೈಕಿ ಸಮಾನ ಅವಕಾಶವಿದ್ದರೆ 160, ಐದರಲ್ಲಿ ಎರಡಾದರೆ 128 ಅಂಗಾತವಾಗುವುವು. ಆಕಸ್ಮಿಕವಾದ ಏರಿಳಿತ ಸಾಮಾನ್ಯವಾಗಿ 9ರಷ್ಟು. ಕವಡೆಗಳನ್ನು ಎಂದಿನ ಕೈಯಿಂದ, ಎಂದಿನ ನೆಲದ ಮೇಲೆ ಎಸೆಯತಕ್ಕದ್ದು. ಜಮಖಾನೆಯ ಮೇಲೆ ಬಂದ ಅಂಕಿ ಗಾರೆಯ ನೆಲಕ್ಕೆ ಅನ್ವಯಿಸಲಾರದು.