ಒರಗಿ ತುಳಿದರೆ ಕಾಲು ಬೇಗ ಸೋಲುವುದೇಕೆ?

1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಒಂದು ವಿಚಿತ್ರ ವಾಹನವನ್ನೇರಿ ದಾಖಲೆಗೆ ಹೊರಟ. ಎರಡು ಚಕ್ರ, ಚೈನು, ಪೆಡಲು ಎಲ್ಲವೂ ಅದಕ್ಕಿದ್ದವು. ಆದರೆ ಸವಾರ ಕುಳಿತ ಭಂಗಿ ಮಾತ್ರ ಬೇರೆ. ಆರಾಮ ಕುರ್ಚಿಯಲ್ಲಿ ಒರಗಿದವನಂತೆ ಬೆನ್ನನ್ನು ಹಿಂದಕ್ಕೆ ಚೆಲ್ಲಿ, ಕಾಲುಗಳನ್ನು ಮುಂದಕ್ಕೆ ಚಾಚಿ ಆತ ಪೆಡಲು ತುಳಿದ. ಒಂದು ಗಂಟೆ ಮುಗಿದಾಗ ಅವನು ಕ್ರಮಿಸಿದ್ದ ದೂರ 45.055 ಕಿ.ಮೀ. ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 1914ರಲ್ಲಿ ಸ್ಥಾಪಿಸಿದ್ದ 44.247 ಕಿ.ಮೀ. ದಾಖಲೆ ಹತ್ತೊಂಬತ್ತು ವರ್ಷಗಳ ನಂತರ ಹಿಂದೆ ಬಿತ್ತು.

ಫೋರ್ ಆ ಕಾಲದ ಮೊದಲ ಸಾಲಿನ ಸವಾರನಲ್ಲ. ವಾಹನವನ್ನು ರೂಪಿಸಿದವನು ಚಾರ್ಲ್ಸ್ ಮೋಶೆ ಎಂಬ ಫ್ರೆಂಚ್ ತಯಾರಕ. ಎರಡನೇ ಸಾಲಿನವನೊಬ್ಬ ಒರಗಿ ಕುಳಿತು ಘಟಾನುಘಟಿಗಳನ್ನು ಸೋಲಿಸುವುದೆಂದರೇನು ಎಂಬ ಚರ್ಚೆ ಎದ್ದಿತು. 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ‘ಸೈಕಲ್’ ಎಂದರೆ ಏನೆಂಬುದಕ್ಕೆ ಹೊಸ ವ್ಯಾಖ್ಯೆ ಬರೆಯಿತು. ಒರಗಿ ತುಳಿಯುವ ವಾಹನ ಆ ವ್ಯಾಖ್ಯೆಯ ಹೊರಗುಳಿಯಿತು. ಅಂದು ಮುಚ್ಚಿದ ಬಾಗಿಲು ಒಕ್ಕೂಟದ ಸ್ಪರ್ಧೆಗಳ ಮಟ್ಟಿಗೆ ಇಂದಿಗೂ ತೆರೆದಿಲ್ಲ.

ಒರಗಿ ಕುಳಿತವನಿಗೆ ದೇಹಶ್ರಮ ಕಡಿಮೆ, ಆದ್ದರಿಂದ ಅದು ನ್ಯಾಯವಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಶರೀರಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧ. ಒರಗಿದ ಅಥವಾ ಮಲಗಿದ ಭಂಗಿಯಲ್ಲಿ ತೊಡೆಯ ಸ್ನಾಯುಗಳು ಹೆಚ್ಚು ಕಷ್ಟಕ್ಕೆ ಸಿಲುಕುತ್ತವೆ. ಅಲ್ಲಿ ಅವುಗಳಿಗೆ ಸಿಗುವ ಆಮ್ಲಜನಕದ ಪೂರೈಕೆಯೇ ತುಸು ಬಿಗಿಯಾಗಿರುತ್ತದೆ.

ರಕ್ತದ ತೂಕದ ಲೆಕ್ಕ

ವಿಶ್ರಾಂತಿಯಲ್ಲಿದ್ದಾಗ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಸ್ನಾಯುಗಳಿಗೆ ಹೋಗುತ್ತದೆ. ಜೋರಾಗಿ ಪೆಡಲು ತುಳಿಯುವಾಗ ಈ ಪಾಲು ಶೇಕಡಾ 80ನ್ನು ಮೀರುತ್ತದೆ. ಸ್ನಾಯುವಿನೊಳಗಿನ ಸೂಕ್ಷ್ಮ ರಕ್ತನಾಳಗಳು ಬೇಡಿಕೆಗೆ ತಕ್ಕಂತೆ ಹೇಗೆ ತೆರೆದುಕೊಳ್ಳುತ್ತವೆ ಎಂಬುದನ್ನು ತೋರಿಸಿಕೊಟ್ಟವರು ಡೆನ್ಮಾರ್ಕಿನ ಆಗಸ್ಟ್ ಕ್ರೋಗ್. ಅದಕ್ಕಾಗಿ ಅವರಿಗೆ 1920ರ ನೊಬೆಲ್ ಪ್ರಶಸ್ತಿ ಸಂದಿತು. ನಿಂತಲ್ಲೇ ತುಳಿಯುವ, ಶ್ರಮವನ್ನು ಅಳೆಯುವ ಸೈಕಲ್ ಯಂತ್ರವೊಂದನ್ನು ಅದಕ್ಕೂ ಮೊದಲೇ ರೂಪಿಸಿದ್ದವರೂ ಅವರೇ.

ನಾಳ ತೆರೆದರಷ್ಟೇ ಸಾಲದು, ರಕ್ತವನ್ನು ಒಳಗೆ ದೂಡುವ ಒತ್ತಡವೂ ಬೇಕು. ಮನೆಯ ಮೇಲಿನ ತೊಟ್ಟಿಯಿಂದ ನೆಲಮಟ್ಟದ ನಲ್ಲಿಗೆ ನೀರು ರಭಸದಿಂದ ಬರುತ್ತದೆ. ನಲ್ಲಿ ಮಾಳಿಗೆಯಲ್ಲಿದ್ದರೆ ರಭಸ ಕಡಿಮೆ. ದೇಹದಲ್ಲೂ ಎತ್ತರದ ಇಂಥ ಲೆಕ್ಕವೊಂದಿದೆ. ಹೃದಯದ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಕೆಳಗಿಳಿದರೆ ರಕ್ತದ ಒತ್ತಡ ಸುಮಾರು 0.78 ಮಿಲಿಮೀಟರ್ ಪಾದರಸದಷ್ಟು ಏರುತ್ತದೆ. ಹೃದಯಕ್ಕಿಂತ 50 ಸೆಂಟಿಮೀಟರ್ ಕೆಳಗಿರುವ ಸ್ನಾಯುವಿನ ಧಮನಿಗೆ ಗುರುತ್ವಾಕರ್ಷಣೆ ಹೀಗೆ ಸುಮಾರು 39 ಮಿಲಿಮೀಟರಿನಷ್ಟು ಹೆಚ್ಚುವರಿ ಒತ್ತಡ ಕೊಡುತ್ತದೆ.

ಇಲ್ಲೊಂದು ಆಕ್ಷೇಪ ಏಳಬಹುದು. ಧಮನಿಯಲ್ಲಿ ಒತ್ತಡ ಏರಿದಷ್ಟೇ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಯಲ್ಲೂ ಏರುತ್ತದೆಯಲ್ಲ, ಲಾಭವೇನು ಬಂತು? ಸುಮ್ಮನೆ ನಿಂತವನಿಗೆ ಲಾಭವಿಲ್ಲ ಎಂಬುದು ನಿಜ. ಆದರೆ ಕಾಲು ಆಡತೊಡಗಿದೊಡನೆ ಚಿತ್ರ ಬದಲಾಗುತ್ತದೆ. ಪ್ರತಿ ತುಳಿತಕ್ಕೂ ಸ್ನಾಯು ಬಿಗಿದು ಅಭಿಧಮನಿಗಳನ್ನು ಹಿಂಡುತ್ತದೆ. ಅವುಗಳೊಳಗಿನ ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ, ಮರಳಿ ಇಳಿಯಗೊಡುವುದಿಲ್ಲ. ಹಿಂಡಿದ ಮರುಕ್ಷಣ ಅಭಿಧಮನಿ ಬರಿದಾಗಿ ಅಲ್ಲಿಯ ಒತ್ತಡ ಕುಸಿಯುತ್ತದೆ. ಧಮನಿಯ ಒತ್ತಡ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಅಂತರವೇ ಹೊಸ ರಕ್ತವನ್ನು ಸ್ನಾಯುವಿನೊಳಕ್ಕೆ ನುಗ್ಗಿಸುತ್ತದೆ.

ಮಲಗಿ ತುಳಿದಾಗ ಕಾಲು ಹೃದಯದ ಮಟ್ಟಕ್ಕೇ ಬರುತ್ತದೆ, ಕೆಲವೊಮ್ಮೆ ಅದಕ್ಕೂ ಮೇಲೇರುತ್ತದೆ. ಗುರುತ್ವಾಕರ್ಷಣೆಯ ಉಚಿತ ನೆರವು ಆಗ ತಪ್ಪಿಹೋಗುತ್ತದೆ. ಸ್ವಾರಸ್ಯವೆಂದರೆ ಇದೇ ಭಂಗಿಯಲ್ಲಿ ಹೃದಯಕ್ಕೆ ಮಾತ್ರ ಅನುಕೂಲ. ಎದ್ದು ನಿಂತಾಗ ಸುಮಾರು ಅರ್ಧ ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಕೆಳಕ್ಕೆ ಸರಿಯುತ್ತದೆ. ಮಲಗಿದರೆ ಅದು ಹೃದಯದತ್ತ ಮರಳುತ್ತದೆ, ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತ ಹೊರಹಾಕುತ್ತದೆ, ಬಡಿತದ ವೇಗವೂ ತಗ್ಗುತ್ತದೆ. ಕಣಜ ತುಂಬಿದ್ದರೂ ಧಾನ್ಯ ಅಡುಗೆಮನೆಗೆ ತಲುಪಲು ತಡವಾದಂಥ ಸ್ಥಿತಿ ಅದು.

ಬೆಳಕು ಹೇಳಿದ ಸತ್ಯ

ಸ್ನಾಯುವಿನೊಳಗೆ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಸೂಜಿ ಚುಚ್ಚದೆ ತಿಳಿಯುವ ದಾರಿ ತೆರೆದದ್ದು 1977ರಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್, ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕು ಚರ್ಮ, ಮೂಳೆಗಳನ್ನು ದಾಟಿ ಒಳಹೋಗುತ್ತದೆ ಎಂದು ತೋರಿಸಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ಮರಳಿ ಬಂದ ಬೆಳಕನ್ನು ಅಳೆದರೆ ಒಳಗಿನ ಲೆಕ್ಕ ಸಿಗುತ್ತದೆ.

ಇದೇ ಬಗೆಯ ತತ್ತ್ವದ ಒಂದು ಪುಟ್ಟ ಸಾಧನ 2020ರ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದೇ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಆದರೆ ಎರಡಕ್ಕೂ ಒಂದು ವ್ಯತ್ಯಾಸವಿದೆ. ಆಕ್ಸಿಮೀಟರ್ ಅಳೆಯುವುದು ಧಮನಿಯಲ್ಲಿ ಹರಿದುಬರುವ ರಕ್ತವನ್ನು, ಎಂದರೆ ಪೂರೈಕೆಗೆ ಹೊರಟ ಸರಕನ್ನು. ತೊಡೆಗೆ ಅಂಟಿಸುವ ಸಾಧನ ಅಳೆಯುವುದು ಸ್ನಾಯು ಬಳಸಿದ ಬಳಿಕ ಉಳಿದದ್ದನ್ನು. ಕಠಿಣ ವ್ಯಾಯಾಮದಲ್ಲಿ ಆರೋಗ್ಯವಂತನ ಬೆರಳು ಶೇಕಡಾ 95ಕ್ಕೂ ಹೆಚ್ಚು ತೋರಿಸುತ್ತಿದ್ದರೂ ಅದೇ ಹೊತ್ತಿಗೆ ತೊಡೆಯ ಅಂಕಿ ಬಹಳ ಕೆಳಗಿಳಿದಿರಬಹುದು.

ಇಂಥ ಸಾಧನಗಳನ್ನು ಕಟ್ಟಿ ನಡೆಸಿದ ಪರೀಕ್ಷೆಗಳಲ್ಲಿ, ನೆಟ್ಟಗೆ ಕುಳಿತು ತುಳಿಯುವಾಗಿಗಿಂತ ಮಲಗಿ ತುಳಿಯುವಾಗ ತೊಡೆಯ ಆಮ್ಲಜನಕ ಹೆಚ್ಚು ಬರಿದಾಗುವುದು ಕಂಡುಬಂದಿದೆ. ರಕ್ತದ ಹರಿವು ಸಾಲದಾದಾಗ ಸ್ನಾಯು ಬಂದ ರಕ್ತದಿಂದಲೇ ಹೆಚ್ಚು ಹೀರಿಕೊಳ್ಳಲು ನೋಡುತ್ತದೆ. ಅದಕ್ಕೂ ಮಿತಿಯುಂಟು. ಆದ್ದರಿಂದ ಮಲಗಿದವನು ಮುಟ್ಟಬಲ್ಲ ಗರಿಷ್ಠ ಶ್ರಮ ಕಡಿಮೆ, ದಣಿವು ಬೇಗ.

ಗಾಳಿ ಕೊಟ್ಟ ಕೊಡುಗೆ

ಹಾಗಾದರೆ ಫೋರ್ ಗೆದ್ದದ್ದು ಹೇಗೆ? ಉತ್ತರ ಕಾಲಿನಲ್ಲಿಲ್ಲ, ಗಾಳಿಯಲ್ಲಿದೆ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದರಲ್ಲೇ ಕಳೆದುಹೋಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಎದುರುಗಾಳಿಗೆ ಸಿಕ್ಕ ಹಳ್ಳಿಯ ಹುಡುಗ ಯಾರೂ ಹೇಳಿಕೊಡದೆಯೇ ಹ್ಯಾಂಡಲ್ ಮೇಲೆ ಬಾಗುವುದು ಇದಕ್ಕೇ. ಒರಗಿದ ಫೋರ್ ಗಾಳಿಗೆ ಒಡ್ಡಿದ ಮೈ ಕಡಿಮೆ. ಕಾಲು ತೆತ್ತ ನಷ್ಟಕ್ಕಿಂತ ಗಾಳಿ ಕೊಟ್ಟ ಲಾಭ ದೊಡ್ಡದಾಯಿತು. ಗಾಳಿಯ ಪಾತ್ರ ಚಿಕ್ಕದಾಗುವ ಏರುದಾರಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ.

ಅರವತ್ತು ವರ್ಷಗಳ ನಂತರ ಇದೇ ವಾದ ಮರುಕಳಿಸಿತು. 1993ರ ಜುಲೈ 16ರಂದು ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ, ತಾನೇ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಅಳವಡಿಸಿದ ಸೈಕಲ್ಲಿನ ಕಥೆಯೊಂದಿಗೆ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯ ದಾಖಲೆಗೆ ಯತ್ನಿಸಿ ಸೋತ. ಮರುದಿನ ಬೆಳಿಗ್ಗೆಯೇ ಮತ್ತೆ ಹೊರಟು 51.596 ಕಿ.ಮೀ. ಕ್ರಮಿಸಿದ. ಇಟಲಿಯ ಫ್ರಾನ್ಸೆಸ್ಕೊ ಮೋಸೆರ್ 1984ರಲ್ಲಿ ಸ್ಥಾಪಿಸಿದ್ದ ದಾಖಲೆ ಮುರಿಯಿತು. ಕೈಗಳನ್ನು ಎದೆಯಡಿ ಮಡಚಿ ಮುಂದಕ್ಕೆ ಬಗ್ಗಿದ ಅವನ ಭಂಗಿಯನ್ನು 1994ರಲ್ಲಿ ಒಕ್ಕೂಟ ನಿಷೇಧಿಸಿತು. ಆತ ಕೈಗಳನ್ನು ಉದ್ದಕ್ಕೆ ಮುಂಚಾಚುವ ಇನ್ನೊಂದು ಭಂಗಿ ಕಂಡುಕೊಂಡು 1995ರಲ್ಲಿ ವಿಶ್ವ ಚಾಂಪಿಯನ್ ಆದ. ಮುಂದೆ ಅದಕ್ಕೂ ನಿಷೇಧ ಬಂತು. ಅದೇ ಭಂಗಿಯಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಕ್ರಮಿಸಿದ 56.375 ಕಿ.ಮೀ. ದೂರವನ್ನು ಸವಾರನೊಬ್ಬ ಒಕ್ಕೂಟದ ನಿಯಮದೊಳಗೇ ಮೀರಿದ್ದು 2022ರಲ್ಲಿ. ಇಟಲಿಯ ಫಿಲಿಪ್ಪೊ ಗಾನ್ನಾ ಆಗ 56.792 ಕಿ.ಮೀ. ಸಾಧಿಸಿದ.

ಮುಂದಕ್ಕೆ ಬಗ್ಗುವ ಭಂಗಿಗೂ ಬೆಲೆಯಿದೆ. ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ ಕಿರಿದಾದಷ್ಟೂ ಅದೇ ಶಕ್ತಿಗೆ ದೇಹ ಹೆಚ್ಚು ಆಮ್ಲಜನಕ ಕೇಳಬಹುದು. ಆ ಭಂಗಿಯಲ್ಲೇ ದೀರ್ಘಕಾಲ ಅಭ್ಯಾಸ ಮಾಡಿದವರಿಗೆ ನಷ್ಟ ಕಡಿಮೆ. ಸೈಕಲ್ ಸ್ಪರ್ಧೆಗೆ ಹೆಸರಾದ ವಿಜಯಪುರ, ಬಾಗಲಕೋಟೆಯ ಕಡೆಯ ಎಳೆಯ ಸವಾರರಿಗೂ ಇದು ಅನ್ವಯಿಸುವ ಮಾತು. ಬಾಗುವುದನ್ನು ಸ್ಪರ್ಧೆಯ ದಿನ ಕಲಿಯಲಾಗದು.

ಸ್ಪರ್ಧೆಯ ಗೋಜಿಲ್ಲದವರಿಗೂ ಈ ತಿಳಿವಳಿಕೆ ಬೇಕು. ಹೃದ್ರೋಗ ತಪಾಸಣೆಯಲ್ಲಿ ರೋಗಿಯನ್ನು ಒರಗಿಸಿ ಪೆಡಲು ತುಳಿಸುವ ಪದ್ಧತಿಯಿದೆ. ಎದೆ ಅಲುಗಾಡದಿರುವುದರಿಂದ ಹೃದಯದ ಚಿತ್ರ ತೆಗೆಯುವುದು ಸುಲಭ. ಅಲ್ಲಿ ಕಾಲು ಬೇಗ ಸೋತರೆ ಅದನ್ನು ಹೃದಯದ ದೌರ್ಬಲ್ಯವೆಂದೇ ಎಣಿಸಬೇಕಿಲ್ಲ. ಒರಗಿ ಮಾಡಿದ ಪರೀಕ್ಷೆಯ ಅಂಕಿಯನ್ನು ಕುಳಿತು ಮಾಡಿದ ಪರೀಕ್ಷೆಯ ಅಂಕಿಗೆ ನೇರವಾಗಿ ಹೋಲಿಸುವುದೂ ಸರಿಯಲ್ಲ. ಬೆನ್ನುನೋವು, ಮಂಡಿನೋವಿಗೆಂದು ಒರಗು ಆಸನದ ವ್ಯಾಯಾಮ ಸೈಕಲ್ ಹಿಡಿದ ಹಿರಿಯರು ಮೊದಲ ವಾರ ತೊಡೆ ಉರಿಯಿತೆಂದು ಎದೆಗುಂದಬೇಕಿಲ್ಲ. ಬಿಗಿಯನ್ನು ತುಸು ಇಳಿಸಿ, ನಿಧಾನವಾಗಿ ಏರಿಸಿಕೊಂಡರೆ ಸಾಕು. ಅವರ ಕಾಲು ದುರ್ಬಲವಾದದ್ದಲ್ಲ, ನೆಟ್ಟಗೆ ಕುಳಿತಾಗ ಭೂಮಿ ಸದ್ದಿಲ್ಲದೆ ಕೊಡುತ್ತಿದ್ದ ಸಹಾಯವೊಂದು ಅಲ್ಲಿ ಇಲ್ಲವಷ್ಟೆ.