ವಾಕಿಂಗ್ ಮಾಡಿದ್ರೆ ಮ್ಯಾಮೊಗ್ರಾಮ್ ಬದಲಾಗುತ್ತಾ?

ಮ್ಯಾಮೊಗ್ರಾಮ್‌ನಲ್ಲಿ ಕೊಬ್ಬು ಕಪ್ಪಾಗಿಯೂ ಗ್ರಂಥಿ, ನಾರಿನ ಭಾಗ ಬೆಳ್ಳಗೂ ಕಾಣುತ್ತೆ. ಗಡ್ಡೆಯೂ ಬಿಳಿಯೇ! ಹಾಗಾಗಿ ಸ್ತನದ ಸಾಂದ್ರತೆ ಹೆಚ್ಚಿದ್ದರೆ ಗಡ್ಡೆ ಹುಡುಕೋದು ಕಷ್ಟ. ಕ್ಯಾನ್ಸರ್ ಅಪಾಯವೂ ಹೆಚ್ಚು.

ವ್ಯಾಯಾಮದಿಂದ ಇದು ಇಳಿಯುತ್ತಾ? ಕೆನಡಾದ ಆಲ್ಬರ್ಟಾದಲ್ಲಿ ಮುಟ್ಟು ನಿಂತ 320 ಮಹಿಳೆಯರೊಂದಿಗೆ ಒಂದು ವರ್ಷ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ವಾರಕ್ಕೆ 5 ದಿನ, ದಿನಕ್ಕೆ 45 ನಿಮಿಷ ವ್ಯಾಯಾಮದ ಗುರಿ. 2010ರಲ್ಲಿ ಪ್ರಕಟವಾದ ಫಲಿತಾಂಶ: ಬಿಳಿ ಭಾಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಹಾಗಂತ ಬೆವರು ಸುರಿಸಿದ್ದು ದಂಡವಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹೆಚ್ಚಾಗಿ ತಯಾರಾಗೋದು ಮೈಯ ಕೊಬ್ಬಿನಲ್ಲೇ. ವ್ಯಾಯಾಮ ಮಾಡಿದವರಲ್ಲಿ ಕೊಬ್ಬೂ ಇಳಿಯಿತು, ಈ ಹಾರ್ಮೋನೂ ಇಳಿಯಿತು. ಅಪಾಯ ತಗ್ಗೋದು ಇಂಥ ದಾರಿಗಳಿಂದ.

ಮನೆಗೆ ಫೋನ್ ಮಾಡಿದಾಗ ಹೇಳಿ: “ವಾಕಿಂಗ್ ಬಿಡಬೇಡಮ್ಮ. ವಾಕಿಂಗ್ ಮಾಡ್ತೀನಲ್ಲ ಅಂತ ಮ್ಯಾಮೊಗ್ರಾಮ್ ತಪ್ಪಿಸಲೂಬೇಡ.”